ಪುಣೆಯಲ್ಲಿದ್ದುಕೊಂಡೇ ಎತ್ತರದ ಮೌಂಟನ್ ಬೈಕ್ ರೇಸಿಗೆ ತಯಾರಾಗುವುದು ಹೇಗೆ

ಪುಣೆ ಇರುವುದು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲೆ. ಸಿಂಹಗಡ ಹತ್ತಿದರೆ 1,300 ಮೀಟರ್ ಚಿಲ್ಲರೆ. ಮಹಾರಾಷ್ಟ್ರದಲ್ಲೇ ಎಲ್ಲಕ್ಕಿಂತ ಎತ್ತರದ ಕಳಸೂಬಾಯಿ ಕೂಡ 1,646 ಮೀಟರಿಗೆ ಮುಗಿಯಿತು. ಲೇಹ್‌ನ ಪೇಟೆ ಬೀದಿಯೇ 3,500 ಮೀಟರಲ್ಲಿದೆ. ಹಾಗಾಗಿ ಹಿಂಜೆವಾಡಿಯಲ್ಲಿ ಕೆಲಸ, ಬಾಣೇರ್‌ನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರು ಹಿಮಾಲಯದ ರೇಸ್ ಅಂದ ಕೂಡಲೇ ಇಲ್ಲಿದ್ದುಕೊಂಡು ಅದೆಲ್ಲ ಆಗುತ್ತಾ ಅಂತ ಕೇಳುತ್ತಾರೆ. ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಆದರೆ ಹೆಚ್ಚಿನವರು ಕಾರ್ಬನ್ ಚಕ್ರಕ್ಕೆ ದುಡ್ಡು ಕೂಡಿಸುತ್ತಾರೆ, ರಜೆ ಕೂಡಿಸುವುದಿಲ್ಲ. ಎತ್ತರದಲ್ಲಿ ನಿಮ್ಮನ್ನು ಕಾಪಾಡುವುದು ಆ ಚಕ್ರ ಅಲ್ಲ, ರೇಸಿಗೆ ಮೊದಲು ಮೇಲೆ ಕಳೆದ ದಿನಗಳು. ಈ ವರ್ಷ ಇಂಥ ರೇಸ್ ಮಾಡಬೇಕು ಅಂದುಕೊಂಡಿದ್ದರೆ ಮೊದಲು ಮ್ಯಾನೇಜರ್ ಹತ್ತಿರ ಎರಡೂವರೆ, ಮೂರು ವಾರದ ರಜೆ ಮಾತಾಡಿಕೊಳ್ಳಿ. ಮಿಕ್ಕಿದ್ದು ಆಮೇಲೆ.

ಮೇಲೆ ಹೋದಾಗ ಮೈಯೊಳಗೆ ಏನಾಗುತ್ತದೆ

ಮೇಲೆ ಆಮ್ಲಜನಕ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಗಾಳಿಯಲ್ಲಿ ಅದರ ಪಾಲು ಎಲ್ಲ ಕಡೆ ಒಂದೇ, ಸುಮಾರು 21 ಪ್ರತಿಶತ. ಕಡಿಮೆಯಾಗುವುದು ಗಾಳಿಯ ಒತ್ತಡ. 3,000 ಮೀಟರಿಗೆ ಬಂದಾಗ ಅದು ಸಮುದ್ರಮಟ್ಟದ ಸುಮಾರು 70 ಪ್ರತಿಶತಕ್ಕೆ ಇಳಿದಿರುತ್ತದೆ, 5,500 ಮೀಟರ್ ಹತ್ತಿರ ಅರ್ಧಕ್ಕೆ. ಒತ್ತಡ ಇಳಿದಷ್ಟೂ ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕ ದಾಟುವುದು ಕಷ್ಟವಾಗುತ್ತದೆ. ಪುಣೆಯಲ್ಲಿ ಒಂದು ಗಂಟೆ 200 ವಾಟ್ (ತುಳಿಯುವ ಶಕ್ತಿಯ ಅಳತೆ) ಹಿಡಿಯುವವರು 3,000 ಮೀಟರಿಗೆ ಹೋದ ಹೊಸದರಲ್ಲಿ 160ರಿಂದ 170 ವಾಟ್ ಹಿಡಿದರೆ ಅದೇ ದೊಡ್ಡದು. ಇದಕ್ಕೆ ನಿಮ್ಮ ತಯಾರಿ ಕಾರಣ ಅಲ್ಲ, ಎಲ್ಲರಿಗೂ ಹೀಗೇ ಆಗುತ್ತದೆ.

ಮೊದಲ ಕೆಲವು ದಿನ ದೇಹ ಜೋರಾಗಿ ಉಸಿರಾಡುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ, ರಕ್ತದ ನೀರಿನಂಶ ಇಳಿಯುತ್ತದೆ. ಕೆಂಪು ರಕ್ತಕಣ ನಿಜವಾಗಿ ಹೆಚ್ಚಬೇಕಾದರೆ ಮೂರು, ನಾಲ್ಕು ವಾರ ಬೇಕು. ಅಷ್ಟು ರಜೆ ನಮಗ್ಯಾರಿಗೂ ಸಿಗುವುದಿಲ್ಲ, ಅಲ್ವಾ. ಆದರೆ ಉಸಿರಾಟ ಹೊಂದಿಕೊಳ್ಳುವುದು, ತಲೆನೋವು ಹೋಗುವುದು, ನಿದ್ದೆ ಸರಿಯಾಗುವುದು ಬಹುಪಾಲು ಒಂದೆರಡು ವಾರದಲ್ಲೇ ಆಗಿಬಿಡುತ್ತದೆ. ನಾನು ರಜೆ ರಜೆ ಅಂತ ಹೇಳುತ್ತಿರುವುದು ಇದಕ್ಕೇ.

ಯಾವ ರೇಸ್ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಹಿಮಾಚಲದಲ್ಲಿ 2005ರಲ್ಲಿ ಶುರುವಾದ ಎಂಟಿಬಿ (ಮೌಂಟನ್ ಬೈಕ್) ಹಿಮಾಲಯ ಹಲವು ದಿನಗಳ ರೇಸ್. ಅದು ದಾಟಿರುವ ಜಲೋರಿ ಪಾಸ್ 3,120 ಮೀಟರ್. ಕಾಡು, ಕಲ್ಲು, ಕೆಸರು ಎಲ್ಲ ಇದೆ, ಆದರೆ ತೀರಾ ಎತ್ತರ ಅಲ್ಲ, ರಾತ್ರಿ ಕೆಳಗೆ ಇಳಿದು ಮಲಗಬಹುದು. ಮೊದಲ ಸಲದವರಿಗೆ ನಾನು ಹೇಳುವುದು ಇಂಥದ್ದನ್ನೇ. ಅಮೆರಿಕದ ಕೊಲೊರಾಡೊದಲ್ಲಿ 1994ರಿಂದ ನಡೆಯುವ ಲೆಡ್‌ವಿಲ್ 100 ಒಂದೇ ದಿನದ ರೇಸ್. ಸುಮಾರು 160 ಕಿ.ಮೀ., ಶುರುವಾಗುವುದೇ 3,100 ಮೀಟರ್ ಹತ್ತಿರ. ನಡುವೆ ಕೊಲಂಬೈನ್ ಗಣಿಯ ಏರು ಸುಮಾರು 3,780 ಮೀಟರ್ ಮುಟ್ಟುತ್ತದೆ, 12 ಗಂಟೆಯೊಳಗೆ ಮುಗಿಸಿದವರಿಗೆ ಬೆಲ್ಟಿನ ಬಕಲ್ ಕೊಡುತ್ತಾರೆ. ನೇಪಾಳದ ಯಾಕ್ ಅಟ್ಯಾಕ್ 5,416 ಮೀಟರಿನ ಥೊರಾಂಗ್ ಲಾ ದಾಟಿಸುವ ರೇಸ್. ಅಲ್ಲಿ ಸೈಕಲ್ ಹೊಡೆಯುವುದರ ಜೊತೆ ಹೊತ್ತು ನಡೆಯುವುದೂ ಇರುತ್ತದೆ. ಅದು ಮೊದಲ ರೇಸ್ ಆಗಬಾರದು.

ಪುಣೆಯ ಘಾಟುಗಳಲ್ಲಿ ಐದು ತಿಂಗಳು

ಇಪ್ಪತ್ತು ವಾರ ಇಟ್ಟುಕೊಳ್ಳಿ. ವಾರಕ್ಕೆ ಎಂಟರಿಂದ ಹನ್ನೆರಡು ಗಂಟೆ ಸಿಕ್ಕರೆ ಸಾಕು, ಅದಕ್ಕಿಂತ ಜಾಸ್ತಿ ಮನೆ ಮಕ್ಕಳು ಇರುವವರಿಗೆ ಕಷ್ಟ. ಇದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಿಧಾನದ ಸವಾರಿಯಾಗಿರಲಿ. ನಿಧಾನ ಅಂದರೆ ಪಕ್ಕದಲ್ಲಿ ಬರುವ ಗೆಳೆಯನ ಜೊತೆ ಮನೆ ಬಾಡಿಗೆ, ಊರ ಜಾತ್ರೆ ವಿಷಯವನ್ನೆಲ್ಲ ಪೂರ್ತಿ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ನಿಧಾನ. ನಡುನಡುವೆ ಮಾತು ತುಂಡಾಗುತ್ತಿದ್ದರೆ ನೀವು ಜೋರಾಗಿ ಹೋಗುತ್ತಿದ್ದೀರಿ. ಎತ್ತರದಲ್ಲಿ ಹನ್ನೆರಡು ಗಂಟೆ ನಡೆಯುವುದು ಈ ನಿಧಾನದ ಎಂಜಿನ್ನೇ.

ಮಂಗಳವಾರ ಗಟ್ಟಿ ಕೆಲಸ: ಎಂಟೆಂಟು ನಿಮಿಷದ ನಾಲ್ಕು ಸುತ್ತು, ಅಥವಾ ಇಪ್ಪತ್ತಿಪ್ಪತ್ತು ನಿಮಿಷದ ಎರಡು ಸುತ್ತು. ಒಂದು ಗಂಟೆ ಹಿಡಿಯಬಹುದಾದ ಗರಿಷ್ಠ ಜೋರಿನ ಆಸುಪಾಸು. ಬೆಳಗ್ಗೆ ಆರಕ್ಕೆ ಮುಂಚೆ ಬೋಪದೇವ್ ಘಾಟ್ ಅಥವಾ ಹಳೆ ಕಾತ್ರಜ್ ಘಾಟ್ ಇದಕ್ಕೆ ಸರಿಯಾಗಿದೆ. ಗುರುವಾರ ಅದೇ ಘಾಟಲ್ಲಿ ದೊಡ್ಡ ಗೇರ್ ಹಾಕಿ, ಪೆಡಲ್ ನಿಮಿಷಕ್ಕೆ 55ರಿಂದ 65 ಸುತ್ತು ಮಾತ್ರ ತಿರುಗುವಂತೆ, ಕೂತೇ ಏರಿ. ಸಡಿಲ ಕಲ್ಲಿನ ಏರಿನಲ್ಲಿ ಎದ್ದು ನಿಂತರೆ ಹಿಂದಿನ ಚಕ್ರ ಜಾರುತ್ತದೆ, ಅದಕ್ಕೆ ಕೂತು ತುಳಿಯುವ ಶಕ್ತಿ ಬೇಕೇಬೇಕು. ಮೊಣಕಾಲು ನೋವು ಬಂದರೆ ಆ ವಾರ ಬಿಟ್ಟುಬಿಡಿ.

ಶನಿವಾರ ಸಿಂಹಗಡ. ಕೆಳಗಿನಿಂದ ಕೋಟೆಯ ಪಾರ್ಕಿಂಗ್‌ವರೆಗೆ ಸುಮಾರು 9 ಕಿ.ಮೀ., ಸುಮಾರು 600 ಮೀಟರ್ ಏರು. ಕೊನೆಯ ತಿರುವುಗಳಲ್ಲಿ ಕಡಿದು. ಮೊದಲ ತಿಂಗಳು ಒಂದು ಸಲ, ಆಮೇಲೆ ಎರಡು, ಕೊನೆಕೊನೆಗೆ ಒಂದೇ ಬೆಳಗ್ಗೆ ಮೂರು ಸಲ. ಮೂರನೇ ಸಲ ಹತ್ತುವಾಗ ಮೊದಲನೇ ಸಲದಷ್ಟೇ ಸಮಯ ಬರಬೇಕು, ಅದೇ ಪರೀಕ್ಷೆ. ಮೊದಲನೆಯದು 50 ನಿಮಿಷ, ಮೂರನೆಯದು 65 ನಿಮಿಷ ಬಂತು ಅಂದರೆ ಕಾಲು ಸಾಲದೆ ಅಲ್ಲ, ಮೊದಲು ಜೋರು ಮಾಡಿದ್ದಕ್ಕೆ ಅಥವಾ ತಿನ್ನದೆ ಇದ್ದದ್ದಕ್ಕೆ. ಮೇಲೆ ಮಡಕೆ ಮೊಸರು, ಪಿಠ್ಲಾ ಭಾಕ್ರಿ ಕಾಯುತ್ತಿರುತ್ತವೆ, ಅವು ಕೊನೆಯ ಸುತ್ತಿಗೆ ಇರಲಿ. ಒಂಬತ್ತು ಗಂಟೆ ಮೇಲೆ ವಾರಾಂತ್ಯದ ಕಾರುಗಳು ತುಂಬಿಕೊಳ್ಳುತ್ತವೆ, ಆದ್ದರಿಂದ ನಸುಕಿನಲ್ಲೇ ಶುರುಮಾಡಿ, ಇಳಿಯುವಾಗ ತಿರುವಿನಲ್ಲಿ ಎದುರಿಗೆ ಬಸ್ಸಿದೆ ಅಂತಲೇ ಅಂದುಕೊಳ್ಳಿ.

ಭಾನುವಾರ ದಣಿದ ಕಾಲಲ್ಲೇ ಎರಡು, ಮೂರು ಗಂಟೆ ವೇತಾಳ ಟೇಕಡಿ (ಗುಡ್ಡ) ಅಥವಾ ಮುಳಶಿ ಕಡೆಯ ಕಚ್ಚಾ ರಸ್ತೆ. ಹಲವು ದಿನಗಳ ರೇಸಿಗೆ ಇದು ತುಂಬಾ ಮುಖ್ಯ. ಟೇಕಡಿಯಲ್ಲಿ ಬೆಳಗ್ಗೆ ವಯಸ್ಸಾದವರು, ಮಕ್ಕಳು ನಡೆಯಲು ಬರುತ್ತಾರೆ, ಅವರಿಗೆ ದಾರಿ ಬಿಟ್ಟು ನಿಧಾನ ಇಳಿಯಿರಿ. ತಿಂಗಳಿಗೊಮ್ಮೆ ಉದ್ದದ ದಿನ ಮಾಡಿ: ಖಂಬಾಟ್ಕಿ ಘಾಟ್, ವಾಯಿ, ಪಸರಣಿ ಘಾಟ್ ಹಿಡಿದು ಪಂಚಗಣಿ, ಮಹಾಬಳೇಶ್ವರ. ಸುಮಾರು 120 ಕಿ.ಮೀ. ಮೂರು ವಾರ ಹೆಚ್ಚಿಸುತ್ತ ಹೋಗಿ, ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಸಹ್ಯಾದ್ರಿಯ ಮಳೆಯಲ್ಲಿ ಘಾಟ್ ರಸ್ತೆಗೆ ಕಲ್ಲು ಉರುಳುತ್ತವೆ, ದಾರಿ ಮುಚ್ಚುವುದೂ ಉಂಟು. ಜೋರು ಮಳೆಯ ವಾರದಲ್ಲಿ ಗಟ್ಟಿ ಕೆಲಸವನ್ನೆಲ್ಲ ಮನೆಯ ಟ್ರೇನರ್ (ಸೈಕಲ್ ಕೂರಿಸಿ ಇದ್ದಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಮಾಡಿ, ನಿಧಾನದ ಸವಾರಿಗೆ ಮಾತ್ರ ಹೊರಗೆ ಹೋಗಿ. ಒದ್ದೆ ಕಲ್ಲಿನ ಮೇಲೆ ಬ್ರೇಕ್ ಹಿಡಿಯುವುದನ್ನು ಕಲಿಯಲು ಮಾತ್ರ ಇದಕ್ಕಿಂತ ಒಳ್ಳೆ ಶಾಲೆ ಇಲ್ಲ. ಒಂದೇ ಬೆರಳಲ್ಲಿ ಬ್ರೇಕ್, ತಿರುವಿಗೆ ಮುಂಚೆಯೇ ವೇಗ ಇಳಿಸುವುದು, ಕಣ್ಣು ಮುಂದಿನ ಚಕ್ರದ ಮೇಲಲ್ಲ, ದಾರಿಯ ಮುಂದಕ್ಕೆ. ಎತ್ತರದಲ್ಲಿ ದಣಿದಾಗ ತಲೆ ಮಂಕಾಗುತ್ತದೆ, ಆಗ ಕೈ ತಾನಾಗಿಯೇ ಸರಿಯಾದದ್ದನ್ನು ಮಾಡುವಷ್ಟು ಅಭ್ಯಾಸ ಇರಬೇಕು.

ನಡೆಯುವುದನ್ನೂ ಕಲಿಯಿರಿ. ಲೆಡ್‌ವಿಲ್‌ನಲ್ಲಿ ಕೊನೆಗೆ ಬರುವ ಪವರ್‌ಲೈನ್ ಏರಿನಲ್ಲಿ ಗಟ್ಟಿಗರೂ ಇಳಿದು ತಳ್ಳುತ್ತಾರೆ. ಆತ್ಕರವಾಡಿಯಿಂದ ಸಿಂಹಗಡಕ್ಕೆ ಹತ್ತುವ ಕಾಲುದಾರಿಯಲ್ಲಿ, ರೇಸಿಗೆ ಹಾಕುವ ಅದೇ ಶೂ ಹಾಕಿಕೊಂಡು ತಿಂಗಳಿಗೆರಡು ಸಲ ಹತ್ತಿ. ತಳ ಗಟ್ಟಿ ಪ್ಲಾಸ್ಟಿಕ್ಕಿನದಾಗಿದ್ದರೆ ಮೊದಲ ದಿನವೇ ಹಿಮ್ಮಡಿ ಹೇಳುತ್ತದೆ.

ಮೂಗು, ಬಾಯಿ ಮುಚ್ಚಿ ಉಸಿರು ಬಿಗಿಮಾಡುವ ಮಾಸ್ಕ್ ಮಾರುತ್ತಾರಲ್ಲ, ಅದನ್ನು ಕೊಳ್ಳಬೇಡಿ. ಅದು ಉಸಿರಾಟದ ಸ್ನಾಯುವಿಗೆ ಕೆಲಸ ಕೊಡುತ್ತದೆ ಅಷ್ಟೆ, ಗಾಳಿಯ ಒತ್ತಡ ಇಳಿಸುವುದಿಲ್ಲ. ಎತ್ತರದ ಟೆಂಟ್, ಅಂದರೆ ಒಳಗಿನ ಗಾಳಿಯಲ್ಲಿ ಆಮ್ಲಜನಕ ಕಡಿಮೆ ಮಾಡುವ ಟೆಂಟ್, ನಿಜವಾಗಿ ಕೆಲಸ ಮಾಡುತ್ತದೆ, ಆದರೆ ದಿನಾ ರಾತ್ರಿ ಎಂಟು, ಹತ್ತು ಗಂಟೆ, ವಾರಗಟ್ಟಲೆ ಅದರೊಳಗೆ ಮಲಗಬೇಕು. ಅಷ್ಟು ದುಡ್ಡಿಗೆ ಲೇಹ್‌ನಲ್ಲೇ ಹೋಗಿ ಇರುವುದು ಒಳ್ಳೆಯದು. ನಮಗೆ ಪುಕ್ಕಟೆ ಸಿಗುವುದು ಬಿಸಿಲು. ಹತ್ತರಿಂದ ಹದಿನಾಲ್ಕು ದಿನ, ದಿನಕ್ಕೆ ಒಂದು ಗಂಟೆ ಸೆಕೆಯಲ್ಲಿ ಹಗುರವಾಗಿ ತುಳಿದರೆ ರಕ್ತದ ನೀರಿನಂಶ ಹೆಚ್ಚುತ್ತದೆ. ಈ ಲಾಭ ಕೆಲವೇ ವಾರ ನಿಲ್ಲುತ್ತದೆ, ಆದ್ದರಿಂದ ಹೊರಡುವ ಮುಂಚಿನ ಎರಡು ವಾರಕ್ಕೆ ಇದನ್ನು ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಾದರೆ ಹೊರಗಿನ ಬಿಸಿಲೇ ಸಾಕು, ಬೇರೆ ಕಾಲದಲ್ಲಿ ಫ್ಯಾನ್ ಆರಿಸಿ ಟ್ರೇನರ್ ಮೇಲೆ ಕೂರಿ. ತಲೆ ಸುತ್ತಿದರೆ ತಕ್ಷಣ ನಿಲ್ಲಿಸಬೇಕು.

ರಕ್ತ ಪರೀಕ್ಷೆ, ಊಟ

ಹೊರಡುವ ಎರಡು, ಮೂರು ತಿಂಗಳ ಮುಂಚೆ ಹಿಮೊಗ್ಲೋಬಿನ್ ಜೊತೆ ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಅಳತೆ) ಪರೀಕ್ಷೆ ಮಾಡಿಸಿ. ಕಬ್ಬಿಣ ಇಲ್ಲದೆ ಹೊಸ ರಕ್ತಕಣ ಆಗುವುದಿಲ್ಲ, ಎಷ್ಟು ಎತ್ತರಕ್ಕೆ ಹೋದರೂ ವ್ಯರ್ಥ. ಸಸ್ಯಾಹಾರಿಗಳಲ್ಲಿ, ಹೆಂಗಸರಲ್ಲಿ ಇದು ಕಡಿಮೆ ಇರುವುದು ಜಾಸ್ತಿ. ಮಾತ್ರೆ ಬೇಕೋ ಬೇಡವೋ ವೈದ್ಯರು ಹೇಳಲಿ, ಸುಮ್ನೆ ನುಂಗಬೇಡಿ. ಪುಣೆಯಲ್ಲಿ ಹೆಜ್ಜೆಗೊಂದು ಅಮೃತತುಲ್ಯ ಚಹಾದಂಗಡಿ ಇದೆ, ಊಟ ಆದ ಕೂಡಲೇ ಚಹಾ ಕುಡಿಯುವುದು ನಮಗೆ ರೂಢಿ. ಚಹಾ ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ, ಸೊಪ್ಪಿನ ಪಲ್ಯದ ಮೇಲೆ ನಿಂಬೆ ಹಿಂಡಿಕೊಳ್ಳಿ.

ರೇಸಿನಲ್ಲಿ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ, ಅಗಿಯುತ್ತ ಉಸಿರಾಡುವುದೇ ಕಷ್ಟ, ಹಾಗಾಗಿ ಅರ್ಧಕ್ಕಿಂತ ಹೆಚ್ಚನ್ನು ಕುಡಿಯುವ ಹಾಗೆ ಮಾಡಿಕೊಳ್ಳಿ. ವಿದೇಶಿ ಪುಡಿಯೇ ಬೇಕೆಂದಿಲ್ಲ. 750 ಮಿ.ಲೀ. ಬಾಟಲಿಗೆ ಐದು ದೊಡ್ಡ ಚಮಚ ಸಕ್ಕರೆ, ಕಾಲು ಚಿಕ್ಕ ಚಮಚ ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ನಮ್ಮ ಪಾನಕವೇ. ಐದು ಚಮಚ ಅಂದರೆ 60 ಗ್ರಾಂ ಆಸುಪಾಸು, ಸಕ್ಕರೆಯಲ್ಲಿ ಗ್ಲೂಕೋಸ್ ಅರ್ಧ, ಫ್ರಕ್ಟೋಸ್ ಅರ್ಧ ಇರುವುದರಿಂದ ಕರುಳು ಎರಡು ದಾರಿಯಲ್ಲಿ ಹೀರಿಕೊಳ್ಳುತ್ತದೆ. ಇದರ ಮೇಲೆ ಬಾಳೆಹಣ್ಣು, ಖರ್ಜೂರ, ರಾಜಗಿರಿ ಲಾಡು. ಲೋಣಾವಳಾ ಚಿಕ್ಕಿ ಚಳಿಯಲ್ಲಿ ಕಚ್ಚಲಾಗದಷ್ಟು ಗಟ್ಟಿಯಾಗುತ್ತದೆ, ಒಯ್ಯುವುದಾದರೆ ಮೈಗೆ ತಾಗುವ ಜೇಬಲ್ಲಿಡಿ. ಊರಿಂದ ಅಮ್ಮ ಕಳಿಸಿದ ಶೇಂಗಾ ಹೋಳಿಗೆ ವಿಶ್ರಾಂತಿ ದಿನಕ್ಕೆ ಇರಲಿ, ಏರಿನಲ್ಲಿ ಆ ಎಣ್ಣೆ ಹೊಟ್ಟೆಗೆ ಭಾರ. ಗಡಿಯಾರದಲ್ಲಿ ಇಪ್ಪತ್ತು ನಿಮಿಷಕ್ಕೊಂದು ಗಂಟೆ ಬಾರಿಸುವಂತೆ ಇಟ್ಟುಕೊಂಡು, ಬೇಕೆನಿಸಲಿ ಬೇಡವೆನಿಸಲಿ ಎರಡು ಗುಟುಕು, ಒಂದು ತುತ್ತು. ಸಿಂಹಗಡದ ಶನಿವಾರಗಳಲ್ಲಿ ಇದನ್ನೇ ಮಾಡಿ. ಹೊಟ್ಟೆಗೂ ಅಭ್ಯಾಸ ಬೇಕು.

ಸೈಕಲ್

ಗೇರಿನ ವಿಷಯದಲ್ಲಿ ಹಟ ಬೇಡ. ಪುಣೆಯಲ್ಲಿ 34 ಹಲ್ಲಿನ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) ಆರಾಮಾಗಿ ನಡೆಯುತ್ತಿದ್ದರೆ ಮೇಲೆ 30 ಹಾಕಿ, ಹಿಂದೆ 51 ಅಥವಾ 52 ಹಲ್ಲಿನ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗುಂಪು) ಇರಲಿ. ಬ್ರೇಕ್ ಪ್ಯಾಡ್ ಲೋಹ ಬೆರೆತದ್ದು ಹಾಕಿ, ಕೆಸರು ಮತ್ತು ಉದ್ದದ ಇಳಿಜಾರಿನಲ್ಲಿ ಮೆತ್ತನೆಯದು ಬೇಗ ಸವೆಯುತ್ತದೆ. ಇನ್ನೊಂದು ಜೋಡಿ ಚೀಲದಲ್ಲಿರಲಿ. ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಸಾಧನವನ್ನು ಚೌಕಟ್ಟಿಗೆ ಹಿಡಿಸುವ ತುಂಡು) ಒಂದೊಂದು ಸೈಕಲ್ಲಿಗೆ ಒಂದೊಂದು ಥರ, ಲೇಹ್‌ನಲ್ಲಿ ನಿಮ್ಮದು ಸಿಗುತ್ತದೆ ಅಂತ ನಂಬಬೇಡಿ. ಪುಣೆಯ ಬಿಸಿಗೆ ಟ್ಯೂಬ್‌ಲೆಸ್ ಟೈರಿನೊಳಗಿನ ಸೀಲಂಟ್ (ತೂತು ಮುಚ್ಚುವ ದ್ರವ) ಬೇಗ ಒಣಗುತ್ತದೆ, ಹೊರಡುವ ವಾರ ಹೊಸದು ಹಾಕಿ.

ಟೈರಿನ ಗಾಳಿ ಬಗ್ಗೆ ಹಲವರು ಯೋಚಿಸುವುದೇ ಇಲ್ಲ. ಪುಣೆಯಲ್ಲಿ 20 ಪಿಎಸ್‌ಐ (ಟೈರಿನ ಒತ್ತಡದ ಅಳತೆ) ತುಂಬಿಸಿದ ಟೈರ್ ಲೇಹ್‌ಗೆ ಹೋದಾಗ, ಹೊರಗಿನ ಒತ್ತಡ ಇಳಿದಿರುವುದರಿಂದ, ಸುಮಾರು 24 ತೋರಿಸುತ್ತದೆ. ನಸುಕಿನ ಚಳಿ ಅದರಲ್ಲಿ ಸ್ವಲ್ಪ ಇಳಿಸುತ್ತದೆ. ಸಡಿಲ ಕಲ್ಲಿನ ಮೇಲೆ ನಾಲ್ಕು ಪಿಎಸ್‌ಐ ಅಂದರೆ ಹಿಡಿತವೇ ಬೇರೆ. ಹೋದ ಮೇಲೆ ಮತ್ತೆ ಅಳೆದು ಸರಿಮಾಡಿ, ಸಸ್ಪೆನ್ಶನ್ನೂ ಒಂದು ಸಲ ನೋಡಿ. ಗಾಳಿ ತುಂಬಲು ಕೈಪಂಪೇ ಒಯ್ಯಿರಿ, ಟೈರಿಗೆ ತುಂಬುವ ಪುಟ್ಟ ಗ್ಯಾಸ್ ಸಿಲಿಂಡರ್ ವಿಮಾನಕ್ಕೆ ಬಿಡದೇ ಹೋಗಬಹುದು.

ಮೇಲೆ ಹೋದ ಮೇಲಿನ ಎರಡು ವಾರ

ಲೇಹ್ ಕಡೆಯ ರೇಸನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ವಿಮಾನದಲ್ಲಿ ಲೇಹ್‌ಗೆ ಇಳಿದರೆ 560 ಮೀಟರಿಂದ 3,500ಕ್ಕೆ ಒಂದೇ ದಿನದಲ್ಲಿ ಹೋದಂತೆ. ಮೊದಲ ಎರಡು ದಿನ ಏನೂ ಮಾಡಬೇಡಿ. ನಿಜವಾಗಲೂ ಏನೂ ಬೇಡ. ಸೈಕಲ್ ಜೋಡಿಸಿ, ಪೇಟೆವರೆಗೆ ನಡೆಯಿರಿ, ನೀರು ಕುಡಿಯಿರಿ, ಮಲಗಿ. ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ. ಮೂರು, ನಾಲ್ಕನೇ ದಿನ ಸಿಂಧೂ ನದಿ ಪಕ್ಕದಲ್ಲಿ ಶೇ, ಥಿಕ್ಸೆ ಕಡೆ ಹಗುರ ಸವಾರಿ. ಆಮೇಲೆ ಖಾರ್ದುಂಗ್ ಲಾ ರಸ್ತೆಯಲ್ಲಿ ಸ್ವಲ್ಪ ದೂರ ಏರಿ, ರಾತ್ರಿಗೆ ಲೇಹ್‌ಗೇ ವಾಪಸ್. ಹಗಲು ಮೇಲೆ ಹೋಗಿ, ಮಲಗುವುದು ಕೆಳಗೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಂದು ದಿನ ಏರದೆ ಅಲ್ಲೇ ನಿಲ್ಲಬೇಕು. ರಸ್ತೆಯಲ್ಲಿ ಹೋಗುವವರಿಗೆ ಶ್ರೀನಗರ, ಕಾರ್ಗಿಲ್ ದಾರಿ ಮನಾಲಿ ದಾರಿಗಿಂತ ಮೆತ್ತಗೆ ಏರುತ್ತದೆ. ಮನಾಲಿ ಕಡೆಯಿಂದ ಹೋದರೆ ಎರಡನೇ ರಾತ್ರಿಯೇ 4,200 ಮೀಟರ್ ಮೇಲಿನ ಸರ್ಚುವಿನಲ್ಲಿ ಮಲಗುವ ಪಾಳಿ ಬರುತ್ತದೆ.

ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು, ನಿದ್ದೆ ಬಾರದಿರುವುದು ಇದ್ದರೆ ಇನ್ನೂ ಮೇಲೆ ಹೋಗಬೇಡಿ. ಅಲ್ಲೇ ಇರಿ, ಕಡಿಮೆಯಾಗದಿದ್ದರೆ ಇಳಿಯಿರಿ. ನೆಲದ ಮೇಲೆ ಒಂದು ನೇರ ಗೆರೆ ಅಂದುಕೊಂಡು ಹಿಮ್ಮಡಿಗೆ ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನಡೆಯಲು ಗೆಳೆಯನಿಗೆ ಹೇಳಿ. ತೂರಾಡಿದರೆ ಮೆದುಳಿಗೆ ನೀರು ತುಂಬುತ್ತಿರಬಹುದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಗುಲಾಬಿ ನೊರೆಯ ಕಫ ಬಂದರೆ ಶ್ವಾಸಕೋಶಕ್ಕೆ. ಎರಡೂ ಜೀವ ತೆಗೆಯುವಂಥವು. ಆಗ ರೇಸ್, ಫೀಸು, ಗುಂಪು ಏನನ್ನೂ ನೋಡಬೇಡಿ. ರಾತ್ರಿಯಾದರೂ ಸರಿ, ಜೊತೆಗೊಬ್ಬರನ್ನು ಇಟ್ಟುಕೊಂಡು ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಿ.

ಡಯಾಮಾಕ್ಸ್ ಮಾತ್ರೆ ಬಗ್ಗೆ ಒಂದು ಎಚ್ಚರಿಕೆ. ಎತ್ತರದ ಕಾಯಿಲೆ ಬರದಿರಲಿ ಅಂತ ಪ್ರವಾಸಿಗರಿಗೆ ವೈದ್ಯರು ಬರೆದುಕೊಡುತ್ತಾರೆ, ಕೆಲಸವೂ ಮಾಡುತ್ತದೆ. ಆದರೆ ಅದರಲ್ಲಿರುವ ಅಸೆಟಜೋಲಮೈಡ್ ವಾಡಾ (ವಿಶ್ವ ಡೋಪಿಂಗ್ ತಡೆ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿದೆ, ರೇಸ್ ದಿನ ಮಾತ್ರ ಅಲ್ಲ, ಯಾವಾಗಲೂ. ಡೋಪಿಂಗ್ ನಿಯಮ ಇರುವ ರೇಸಿಗೆ ಹೋಗುವವರು ವೈದ್ಯಕೀಯ ವಿನಾಯಿತಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ. ಇದೂ ದಿನಗಳನ್ನು ಮೊದಲೇ ಕೂಡಿಡಲು ಇನ್ನೊಂದು ಕಾರಣ.

ರೇಸ್ ದಿನ

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಅನ್ನುತ್ತಾರಲ್ಲ, ಎತ್ತರದಲ್ಲಿ ಆ ಹಾಸಿಗೆಯೇ ಗಿಡ್ಡ. ಕೆಳಗೆ ಒಂದು ನಿಮಿಷ ಉಸಿರುಗಟ್ಟಿ ತುಳಿದರೆ ಎರಡು ನಿಮಿಷದಲ್ಲಿ ಸುಧಾರಿಸಿಕೊಳ್ಳುತ್ತೀರಿ, ಮೇಲೆ ಅದಕ್ಕೆ ಹತ್ತು ನಿಮಿಷ ಹಿಡಿಯಬಹುದು. ಮೊದಲ ಒಂದು ಗಂಟೆ ಎಲ್ಲರೂ ನಿಮ್ಮನ್ನು ದಾಟಿ ಹೋಗಲಿ. ವಾಟ್ ಮೀಟರ್ ಇದ್ದರೆ ಪುಣೆಯ ಅಂಕಿಯನ್ನು ಮರೆತು ಐದನೇ ಒಂದು ಭಾಗ ಕಳೆಯಿರಿ. ಹೃದಯ ಬಡಿತ ಎತ್ತರದಲ್ಲಿ ಬೇರೆಯೇ ಲೆಕ್ಕ ತೋರಿಸುತ್ತದೆ, ಅದಕ್ಕಿಂತ ಉಸಿರನ್ನು ನಂಬಿ. ನಾಲ್ಕೈದು ಪದ ಒಟ್ಟಿಗೆ ಹೇಳಲಾಗದಿದ್ದರೆ ಒಂದು ಗೇರ್ ಇಳಿಸಿ. ಕಡಿದಾದ ಕಡೆ ತುಳಿಯುವ ವೇಗ ನಡಿಗೆಯಷ್ಟೇ ಆದರೆ ಇಳಿದು ತಳ್ಳಿ, ಬೆನ್ನಿಗೂ ವಿಶ್ರಾಂತಿ.

ತುದಿ ಮುಟ್ಟಿದ ಕೂಡಲೇ, ಮೈ ಬಿಸಿ ಇರುವಾಗಲೇ, ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಗ್ಲೌಸ್ ಹಾಕಿಕೊಳ್ಳಿ. 1,000 ಮೀಟರಿಗೆ ಆರೇಳು ಡಿಗ್ರಿ ಚಳಿ ಹೆಚ್ಚುತ್ತದೆ, ಬೆವರಿದ ಅಂಗಿಯಲ್ಲಿ ಇಳಿದರೆ ಐದು ನಿಮಿಷದಲ್ಲಿ ಬೆರಳು ಮರಗಟ್ಟಿ ಬ್ರೇಕ್ ಸಿಗುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣ 1,000 ಮೀಟರಿಗೆ ಸುಮಾರು 10 ಪ್ರತಿಶತ ಜಾಸ್ತಿಯಾಗುತ್ತದೆ. ಮೂಗು, ಕಿವಿ, ತುಟಿಗೆ ಸನ್‌ಸ್ಕ್ರೀನ್ ಬೇಕೇಬೇಕು, ಕಣ್ಣಿಗೆ ಕನ್ನಡಕ.

ಮುಗಿಸಿ ಪುಣೆಗೆ ಬಂದ ಮೇಲೆ ಒಂದು ವಾರ ಗಟ್ಟಿ ಕೆಲಸ ಬೇಡ. ಸೈಕಲ್ ಬಿಚ್ಚಿ ತಳದ ಬೇರಿಂಗ್, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಹಿಂದಿನ ಸಸ್ಪೆನ್ಶನ್ನಿನ ಕೀಲುಗಳನ್ನು ತೆಗೆದು ನೋಡಿ, ಲಡಾಖ್‌ನ ಹಿಟ್ಟಿನಂಥ ಧೂಳು ಗ್ರೀಸಿನೊಳಗೆ ಕೂತಿರುತ್ತದೆ. ಒರೆಸಿ ಹೊಸ ಗ್ರೀಸ್ ಹಾಕಿ, ಚೈನ್ ಸವೆದಿದೆಯಾ ಅಳತೆಪಟ್ಟಿ ಹಿಡಿದು ನೋಡಿ, ಟೈರ್ ಗಾಳಿಯನ್ನು ಪುಣೆಯ ಅಳತೆಗೆ ಮತ್ತೆ ತುಂಬಿಸಿ.